ಬೌಡ್ವಾರ್ ಫೋಟೋಶೂಟ್‌ಗೆ ತಯಾರಿ: ಕ್ಯಾಮೆರಾ ಮುಂದೆ ಮೈ ಬಿಗಿಯಾಗದಿರಲು ಏನು ಮಾಡಬೇಕು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿಗೆ ಒಂದು ಬೌಡ್ವಾರ್ ಶೂಟ್ ಬುಕ್ ಮಾಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಲಗುವ ಕೋಣೆಯಂಥ ಖಾಸಗಿ ಜಾಗದಲ್ಲಿ, ಒಳಉಡುಪಿನಲ್ಲೋ, ರೋಬ್‌ನಲ್ಲೋ, ಸಡಿಲವಾದ ಶರ್ಟ್‌ನಲ್ಲೋ ತೆಗೆಸಿಕೊಳ್ಳುವ ಫೋಟೋಗಳು. ಯಾರಿಗೂ ಉಡುಗೊರೆ ಕೊಡುವುದಕ್ಕಲ್ಲ. ಎರಡು ಹೆರಿಗೆ ಆಗಿದೆ, ನಲವತ್ತು ಹತ್ತಿರ ಬಂದಿದೆ. ನನ್ನ ಮೈಯನ್ನು ನಾನೇ ಒಮ್ಮೆ ಪ್ರೀತಿಯಿಂದ ನೋಡಬೇಕು ಅನ್ನುವ ಆಸೆ, ಅಷ್ಟೇ.

ಕಷ್ಟ ಏನೆಂದರೆ, ಕ್ಯಾಮೆರಾ ಎದುರಾದ ಕೂಡಲೇ ಭುಜ ಮೇಲಕ್ಕೆ ಏರುತ್ತದೆ, ತುಟಿ ಬಿಗಿಯುತ್ತದೆ, ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಫೋನ್ ತುಂಬಾ ಪೋಸ್‌ಗಳನ್ನು ಸೇವ್ ಮಾಡಿಟ್ಟುಕೊಂಡಿದ್ದೇನೆ. ಕನ್ನಡಿ ಮುಂದೆ ಮಾಡಿದರೆ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಫೋನಲ್ಲಿ ಕ್ಲಿಕ್ ಮಾಡಿದರೆ ಬೇರೆ ಯಾರೋ ಅನ್ನಿಸುತ್ತದೆ. ಈಗಾಗಲೇ ಮಾಡಿಸಿಕೊಂಡವರು, ತೆಗೆಯುವವರು ಯಾರಾದರೂ ಇದ್ದರೆ ಹೇಳಿ. ಧೈರ್ಯ ಹೇಗೆ ಬರುತ್ತದೆ?

ಕಿಟಕಿಬೆಳಕು:

ನಮಸ್ಕಾರ ಮಳೆಹನಿ. ಇದೇ ನನ್ನ ಕೆಲಸ, ಹೆಂಗಸರ ಬೌಡ್ವಾರ್ ಫೋಟೋ ತೆಗೆಯುತ್ತೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪೋಸ್ ಗೊತ್ತಿಲ್ಲದೆ ಮೈ ಬಿಗಿಯಾಗುವುದು ಕಡಿಮೆ. ಮನಸ್ಸು ಕಾವಲು ಕಾಯುತ್ತಿರುವಾಗ ಮೈ ಬಿಗಿಯಾಗುತ್ತದೆ. ಬಾಗಿಲು ಹಾಕಿದೆಯಾ? ಈ ಫೋಟೋ ಇನ್ಯಾರ ಕಣ್ಣಿಗೆ ಬೀಳುತ್ತದೆ? ನಾನು ಬೇಡ ಅಂದದ್ದನ್ನು ಮಾಡು ಅಂದರೆ ಏನು ಹೇಳಲಿ? ಇಂಥವು ತಲೆಯಲ್ಲಿ ಓಡುತ್ತಿದ್ದರೆ ಎಷ್ಟು ಸಲ ರಿಲ್ಯಾಕ್ಸ್ ಅಂದರೂ ಭುಜ ಇಳಿಯುವುದಿಲ್ಲ. ಅದಕ್ಕೇ ತಯಾರಿ ಕನ್ನಡಿ ಮುಂದೆ ಶುರುವಾಗಬಾರದು. ಫೋಟೋಗ್ರಾಫರ್ ಜೊತೆಗಿನ ಮಾತಿನಲ್ಲಿ ಶುರುವಾಗಬೇಕು.

ಇವನ್ನು ಮೊದಲೇ ಕೇಳಿ. ಕೋಣೆಯಲ್ಲಿ ಯಾರ್‍ಯಾರು ಇರುತ್ತಾರೆ? ಸಹಾಯಕರು ಬೇಡ ಅಂದರೆ ನಡೆಯುತ್ತದಾ? ನನ್ನ ಗೆಳತಿಯನ್ನು ಕರೆತರಬಹುದಾ? ಪೋಸ್ ಸರಿಮಾಡಲು ಮೈ ಮುಟ್ಟುತ್ತೀರಾ, ಇಲ್ಲ ನೀವೇ ಮಾಡಿ ತೋರಿಸುತ್ತೀರಾ? ಒಳ್ಳೆಯ ಫೋಟೋಗ್ರಾಫರ್ ತಾನೇ ಮಾಡಿ ತೋರಿಸುತ್ತಾರೆ. ಒಂದು ಕೂದಲೆಳೆ ಸರಿಸಬೇಕಾದರೂ "ಸರಿಸಲಾ?" ಅಂತ ಕೇಳಿ, ನೀವು ಹೂಂ ಅಂದ ಮೇಲೆ ಸರಿಸುತ್ತಾರೆ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಹತ್ತಿರ ಹೋಗಲೇಬೇಡಿ.

ಫೋಟೋ ವಿಷಯಕ್ಕೆ ಬಂದರೆ, ಮೂಲ ಫೈಲ್‌ಗಳು ಎಲ್ಲಿರುತ್ತವೆ, ಎಷ್ಟು ಕಾಲ ಇರುತ್ತವೆ, ಯಾವಾಗ ಅಳಿಸುತ್ತೀರಿ, ಎಡಿಟಿಂಗ್ ಹೊರಗೆ ಕೊಡುತ್ತೀರಾ ಅಂತ ಕೇಳಿ. ತಮ್ಮ ಪುಟದಲ್ಲಿ ಹಾಕಿಕೊಳ್ಳಲು ಬೇರೆ ಒಪ್ಪಿಗೆ ಪತ್ರ ಇರಬೇಕು. ಶೂಟ್‌ಗೆ ಹಣ ಕೊಟ್ಟರೆ ಅದಕ್ಕೂ ಒಪ್ಪಿದಂತೆ ಅಲ್ಲ. ಕಾಪಿರೈಟ್ ಯಾರದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ "ಎಲ್ಲೂ ಹಾಕುವುದಿಲ್ಲ" ಅನ್ನುವ ಬಾಯಿಮಾತು ಸಾಲದು, ಬರಹದಲ್ಲಿ ಬೇಕು.

ಆಮೇಲೆ ನಿಮ್ಮದೇ ಗಡಿ ಗೊತ್ತುಮಾಡಿಕೊಳ್ಳಿ. ಯಾವ ಉಡುಪು ಸರಿ, ಯಾವುದು ಬೇಡ, ಮೈಯ ಯಾವ ಭಾಗ ಫ್ರೇಮಿನಲ್ಲಿ ಬರಬಾರದು, ಮುಖ ಬರಬೇಕಾ ಬೇಡವಾ. ಬರೆದು ಕಳಿಸಿ. ಅವತ್ತು ಮನಸ್ಸು ಬದಲಾದರೆ ಇನ್ನೂ ಕಡಿಮೆ ಮಾಡುವ ಹಕ್ಕು ನಿಮ್ಮದು. ಇವಿಷ್ಟು ತೀರ್ಮಾನವಾಗಿ ಬಂದವರ ಮೈ ಬೇರೆಯೇ ಇರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನಗೆ ಗೊತ್ತಾಗುತ್ತದೆ.

ಅರಳುಮಲ್ಲಿಗೆ:

ಕಿಟಕಿಬೆಳಕು ಅವರ ಮಾತಿಗೆ ನನ್ನದೂ ಒಂದು ಓಟು. ನಾನು ಮಾಡಿಸಿಕೊಂಡಿದ್ದೇನೆ. ಶೂಟ್‌ಗೆ ಮುಂಚೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದು ತುಂಬಾ ಉಪಯೋಗಕ್ಕೆ ಬಂತು. ಅವರ ದನಿ, ನಗು, ಮಾತಿನ ರೀತಿ ಗೊತ್ತಿದ್ದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ನೋಡಲು ಚೆಂದ ಇರುವ ಪುಟಕ್ಕಿಂತ, ನಮ್ಮ ಮಾತನ್ನು ಕೊನೆವರೆಗೆ ಕೇಳಿಸಿಕೊಳ್ಳುವವರನ್ನು ಆರಿಸಿ.

ಅವರ ಹಳೆಯ ಫೋಟೋ ನೋಡುವಾಗ ಇನ್ನೊಂದು ಗಮನಿಸಿ. ಬೇರೆ ಬೇರೆ ಮೈಕಟ್ಟಿನವರು ಇದ್ದಾರಾ? ಎಲ್ಲರ ಚರ್ಮವೂ ಪ್ಲಾಸ್ಟಿಕ್ ಥರ ನುಣ್ಣಗಿದೆಯಾ? ಹಾಗಿದ್ದರೆ ನಿಮ್ಮದನ್ನೂ ಹಾಗೇ ಮಾಡುತ್ತಾರೆ.

ಗೆಳತಿಯನ್ನು ಕರೆದುಕೊಂಡು ಹೋಗುವ ವಿಚಾರದಲ್ಲಿ ನನ್ನ ಅನಿಸಿಕೆ ಇಷ್ಟು: ಯಾವ ಗೆಳತಿ ಅನ್ನುವುದು ಮುಖ್ಯ. ಕೀಟಲೆ ಮಾಡುವವಳಾದರೆ ಪಕ್ಕದ ಕೋಣೆಯಲ್ಲಿ ಕೂರಲಿ.

ನೇರಮಾತು:

ಒಂದು ಭಿನ್ನ ಅಭಿಪ್ರಾಯ. ಸೇವ್ ಮಾಡಿಟ್ಟ ಪೋಸ್‌ಗಳನ್ನೆಲ್ಲ ಅಳಿಸಿಬಿಡಿ ಅನ್ನುತ್ತೇನೆ. ಅವೆಲ್ಲ ಇನ್ನೊಬ್ಬರ ಮೈಗೆ, ಇನ್ಯಾವುದೋ ಬೆಳಕಿಗೆ ಹೊಂದಿಕೊಂಡ ಪೋಸ್‌ಗಳು. ಅದನ್ನು ಬಾಯಿಪಾಠ ಮಾಡಿ ಹೋದರೆ ಅಲ್ಲಿ ನೆನಪು ಮಾಡಿಕೊಳ್ಳುವುದರಲ್ಲೇ ಮುಖ ಗಂಟಿಕ್ಕುತ್ತದೆ. ಎಡಗೈ ಮೇಲಿತ್ತಾ, ಬಲಗೈ ಮೇಲಿತ್ತಾ ಅಂತ ಯೋಚನೆ ಮಾಡುತ್ತಿರುವವರ ಕಣ್ಣು ಫೋಟೋದಲ್ಲಿ ಖಾಲಿ ಕಾಣುತ್ತದೆ. ಸುಮ್ನೆ ಹೋಗಿ, ಮಾಡಿಸುವುದು ಫೋಟೋಗ್ರಾಫರ್ ಕೆಲಸ.

ಹೆಜ್ಜೆಗೆಜ್ಜೆ:

ನೇರಮಾತು, ಅರ್ಧ ಒಪ್ಪುತ್ತೇನೆ. ನಾನು ನೃತ್ಯ ಕಲಿಸುವವಳು. ಚಿತ್ರ ನೋಡಿ ನಕಲು ಮಾಡುವುದರಿಂದ ಉಪಯೋಗವಿಲ್ಲ, ನಿಜ. ಆದರೆ ಏನೂ ಅಭ್ಯಾಸವಿಲ್ಲದೆ ಹೋಗುವುದೂ ಸರಿಯಲ್ಲ. ಮೈಗೆ ಗೊತ್ತಿರುವುದನ್ನು ಮನಸ್ಸು ನೆನಪಿಡಬೇಕಾಗಿಲ್ಲ. ಅದಕ್ಕೇ ಪೋಸ್ ಕಲಿಯುವ ಬದಲು ಭಾರ ಎಲ್ಲಿದೆ ಅನ್ನುವುದನ್ನು ಕಲಿಯಿರಿ.

ಮಳೆಹನಿ, ಈಗಲೇ ಎದ್ದು ನಿಂತು ನೋಡಿ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತರೆ ಮೈ ಕಂಬದಂತೆ ನೆಟ್ಟಗಾಗುತ್ತದೆ. ಈಗ ಪೂರ್ತಿ ಭಾರವನ್ನು ಹಿಂದಿನ ಕಾಲಿಗೆ ಬಿಡಿ. ಮುಂದಿನ ಮಂಡಿ ತಾನಾಗಿ ಸಡಿಲವಾಗುತ್ತದೆ. ಅದನ್ನು ಇನ್ನೊಂದು ಮಂಡಿಯ ಕಡೆಗೆ ತುಸು ಒಳಕ್ಕೆ ತನ್ನಿ, ಹಿಮ್ಮಡಿ ಎತ್ತಿ. ಸೊಂಟ ಒಂದು ಪಕ್ಕಕ್ಕೆ ಹೋಗುತ್ತದೆ, ಅದನ್ನು ಸರಿತೂಗಿಸಲು ಭುಜ ಇನ್ನೊಂದು ಪಕ್ಕಕ್ಕೆ ವಾಲುತ್ತದೆ, ಕತ್ತು ಮತ್ತೆ ಈ ಕಡೆ. ನಮ್ಮ ಶಿಲ್ಪಗಳಲ್ಲಿ ಇದೇ ತ್ರಿಭಂಗ. ಬೇಲೂರಿನ ಶಿಲಾಬಾಲಿಕೆಯರಲ್ಲೂ ಈ ಬಾಗು ಬಳುಕು ಕಾಣುತ್ತದೆ. ಗ್ರೀಕ್ ಶಿಲ್ಪಿಗಳೂ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಒಂದೇ ಕಾಲಿಗೆ ಭಾರ ಬಿಟ್ಟ ನಿಲುವನ್ನು ಕಲ್ಲಿಗೆ ತಂದಿದ್ದರು. ಮೈ ಸಣ್ಣದಿರಲಿ ದಪ್ಪವಿರಲಿ, ಭಾರ ಒಂದು ಕಡೆ ಹೋದರೆ ಮೈಗೆ ಲಯ ಬರುತ್ತದೆ.

ಕೂರುವಾಗ ಹಾಸಿಗೆಯ ಒಳಕ್ಕೆ ಕೂರಬೇಡಿ. ಅಂಚಿನಲ್ಲಿ, ಒಂದು ಪಕ್ಕದ ಸೊಂಟದ ಮೇಲೆ ಭಾರ ಬಿಟ್ಟು ಕೂರಿ. ಬೆನ್ನನ್ನು ನೆತ್ತಿಯಿಂದ ಯಾರೋ ಮೇಲಕ್ಕೆ ಎಳೆದಂತೆ ಉದ್ದ ಮಾಡಿ. ಬಾಗುವುದಾದರೆ ಹೊಟ್ಟೆಯಿಂದಲ್ಲ, ಸೊಂಟದ ಕೀಲಿನಿಂದ ಬಾಗಿ. ಒಳಕ್ಕೆ ಕುಸಿದು ಕೂತಾಗ ಹೊಟ್ಟೆಯ ಮಡಿಕೆ ಒತ್ತಿಕೊಳ್ಳುತ್ತದೆ, ಉದ್ದವಾದಾಗ ಬಿಡಿಸಿಕೊಳ್ಳುತ್ತದೆ. ಹೊಟ್ಟೆಯನ್ನು ಉಸಿರು ಕಟ್ಟಿ ಒಳಕ್ಕೆ ಎಳೆಯಬೇಡಿ, ಹಾಗೆ ಮಾಡಿದರೆ ಕತ್ತಿನ ನರ ಉಬ್ಬುತ್ತದೆ.

ಮಲಗಿದಾಗ ಎಲ್ಲರೂ ಮರೆಯುವುದು ಕಾಲಿನ ಬೆರಳು. ಮುಖ, ಬೆನ್ನು ಎಲ್ಲ ಸರಿಯಿರುತ್ತದೆ, ಪಾದ ಮಾತ್ರ ಬಿದ್ದುಕೊಂಡಿರುತ್ತದೆ. ಬೆರಳನ್ನು ಮೃದುವಾಗಿ ಮುಂದಕ್ಕೆ ಚಾಚಿದರೆ ಕಾಲು ಪೂರ್ತಿ ಉದ್ದವಾಗುತ್ತದೆ. ಬೆನ್ನು ಕಮಾನು ಮಾಡುವ ಪೋಸ್‌ಗಳು ಸುಲಭ ಅಲ್ಲ, ಮಾರನೇ ದಿನ ಮೈಕೈ ನೋಯುತ್ತದೆ. ಬೆನ್ನು, ಸೊಂಟದ ತೊಂದರೆ ಇದ್ದರೆ ಮೊದಲೇ ಹೇಳಿ. ಈಗಿನಿಂದಲೇ ದಿನಾ ಸ್ವಲ್ಪ ಸ್ಟ್ರೆಚ್ ಮಾಡಿ.

ಕೈಗೆ ಕೆಲಸ ಕೊಡಿ. ಶರ್ಟಿನ ಕಾಲರ್ ಸರಿಮಾಡುವುದು, ಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಜಾರಿಸುವುದು, ಕತ್ತಿನ ಕೆಳಗಿನ ಎಲುಬಿನ ಮೇಲೆ ಬೆರಳು ಎಳೆಯುವುದು. ಮುಟ್ಟಿದರೂ ಒತ್ತಬೇಡಿ. ಒತ್ತಿದ ಕಡೆ ಚರ್ಮ ತಗ್ಗಾಗುತ್ತದೆ, ಬೆರಳ ತುದಿ ಬಿಳಿಚಿಕೊಳ್ಳುತ್ತದೆ. ಇಡೀ ಹಸ್ತ ಕ್ಯಾಮೆರಾಕ್ಕೆ ಕಾಣುವುದಕ್ಕಿಂತ ಕಿರುಬೆರಳಿನ ಅಂಚು ಕಾಣುವಂತೆ ತಿರುಗಿಸಿದರೆ ಕೈ ನಾಜೂಕಾಗುತ್ತದೆ.

ನೇರಮಾತು:

ಹೆಜ್ಜೆಗೆಜ್ಜೆ ಮೇಡಂ, ನೀವು ಹೇಳಿದ ಹಾಗೆ ಈಗಲೇ ನಿಂತು ನೋಡಿದೆ. ಪೋಸ್ ಬೇಡ, ಭಾರ ಕಲಿಯಿರಿ ಅನ್ನುವುದನ್ನು ಒಪ್ಪಿದೆ. ಸೇವ್ ಮಾಡಿಟ್ಟದ್ದನ್ನು ಅಳಿಸಿ ಅನ್ನುವ ಮಾತಿಗೆ ಮಾತ್ರ ಈಗಲೂ ಬದ್ಧಳು.

ಕಿಟಕಿಬೆಳಕು:

ಅಳಿಸುವುದು ಬೇಡ. ಅದರಲ್ಲಿ ನಿಮಗೆ ತುಂಬಾ ಇಷ್ಟವಾದ ನಾಲ್ಕೈದನ್ನು ಫೋಟೋಗ್ರಾಫರ್‌ಗೆ ಕಳಿಸಿ, ಯಾಕೆ ಇಷ್ಟ ಅಂತ ಒಂದೊಂದು ಸಾಲು ಬರೆಯಿರಿ. "ಇದರಲ್ಲಿ ಬೆನ್ನು ಮಾತ್ರ ಕಾಣುತ್ತದೆ, ಅದಕ್ಕೆ." "ಇದರಲ್ಲಿ ಅವಳು ನಗುತ್ತಿದ್ದಾಳೆ, ಅದಕ್ಕೆ." ನಮಗೆ ಬೇಕಾದ್ದು ಆ ಸಾಲು. ಪೋಸ್ ಆಮೇಲೆ.

ಕನ್ನಡಿಯಲ್ಲಿ ಚೆನ್ನಾಗಿ ಕಂಡು ಫೋಟೋದಲ್ಲಿ ಬೇರೆ ಯಾರೋ ಅನ್ನಿಸುವ ವಿಷಯ. ಇದಕ್ಕೆ ಎರಡು ಕಾರಣ ಇದೆ, ಎರಡೂ ನಿಮ್ಮ ಮುಖದ ದೋಷ ಅಲ್ಲ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು ಆ ಮುಖವನ್ನೇ. 1977ರಲ್ಲಿ ಪ್ರಕಟವಾದ ಒಂದು ಮನಶ್ಶಾಸ್ತ್ರ ಅಧ್ಯಯನದಲ್ಲಿ ಹೆಂಗಸರಿಗೆ ತಮ್ಮದೇ ಫೋಟೋದ ಎರಡು ರೂಪ ತೋರಿಸಿದ್ದರು, ಒಂದು ನೇರ, ಒಂದು ಕನ್ನಡಿಯಂತೆ ತಿರುಗಿಸಿದ್ದು. ಅವರು ಹೆಚ್ಚಾಗಿ ಕನ್ನಡಿಯ ರೂಪ ಮೆಚ್ಚಿದರು. ಅವರ ಆಪ್ತರು ನೇರ ರೂಪ ಮೆಚ್ಚಿದರು. ನಿಮ್ಮನ್ನು ಪ್ರೀತಿಸುವವರು ದಿನಾ ನೋಡಿ ಮೆಚ್ಚುವುದು ಫೋಟೋದಲ್ಲಿರುವ ಮುಖವನ್ನೇ.

ಎರಡನೇ ಕಾರಣ ದೂರ. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಬರುತ್ತದೆ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ಕ್ಯಾಮೆರಾಕ್ಕೆ ತೀರಾ ಹತ್ತಿರ. ಸುಮಾರು 12 ಇಂಚು ದೂರದ ಸೆಲ್ಫಿಯಲ್ಲಿ, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರ ಒಂದು ವೈದ್ಯಕೀಯ ಲೇಖನ ಲೆಕ್ಕ ಹಾಕಿ ತೋರಿಸಿತ್ತು. ಹಾಗಾಗಿ ಸೆಲ್ಫಿ ನೋಡಿ ನಿರಾಶರಾಗಬೇಡಿ. ಫೋನನ್ನು ಐದಾರು ಅಡಿ ದೂರದಲ್ಲಿ ಏನಕ್ಕಾದರೂ ಒರಗಿಸಿ, ಹಿಂದಿನ ಕ್ಯಾಮೆರಾದಲ್ಲಿ ವಿಡಿಯೋ ಹಾಕಿ, ಕಿಟಕಿ ಪಕ್ಕದಲ್ಲಿ ನಿಧಾನಕ್ಕೆ ಓಡಾಡಿ, ಕೂರಿ, ತಿರುಗಿ. ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ. ನಿಮಗೆ ಇಷ್ಟವಾಗುವ ಕ್ಷಣ ಹೆಚ್ಚಾಗಿ ಒಂದು ಪೋಸ್‌ನಿಂದ ಇನ್ನೊಂದಕ್ಕೆ ಹೋಗುವ ನಡುವೆ ಸಿಗುತ್ತದೆ.

ಹತ್ತಿರ ಇದ್ದದ್ದು ದೊಡ್ಡದು ಅನ್ನುವುದನ್ನು ನಿಮ್ಮ ಕಡೆಗೂ ತಿರುಗಿಸಿಕೊಳ್ಳಬಹುದು. ಸೊಂಟ ಹಿಂದಕ್ಕೆ, ಎದೆ ಮತ್ತು ಮುಖ ಕ್ಯಾಮೆರಾ ಕಡೆಗೆ ಬಂದರೆ ನೋಟ ಮುಖಕ್ಕೆ ಹೋಗುತ್ತದೆ. ತೊಡೆ ಕ್ಯಾಮೆರಾ ಕಡೆ ಚಾಚಿದ್ದರೆ ಅದೇ ಎದ್ದು ಕಾಣುತ್ತದೆ. ನಿಮಗೆ ತೊಡೆಯೇ ಇಷ್ಟ ಅಂದರೆ ಅದನ್ನೇ ಮುಂದೆ ಮಾಡಿ, ಯಾರು ಬೇಡ ಅಂದರು?

ಬಣ್ಣದಪೆಟ್ಟಿಗೆ:

ನಾನು ಮೇಕಪ್ ಕಲಾವಿದೆ. ಚರ್ಮದ ಬಗ್ಗೆ ನನ್ನ ಮಾತು.

ಶೂಟ್ ಹತ್ತಿರ ಬಂದಾಗ ಹೊಸದೇನನ್ನೂ ಪ್ರಯೋಗ ಮಾಡಬೇಡಿ. ಹೊಸ ಫೇಶಿಯಲ್, ಹೊಸ ಕ್ರೀಮ್, ಕೆಮಿಕಲ್ ಪೀಲ್ ಯಾವುದೂ ಬೇಡ. ವ್ಯಾಕ್ಸ್ ಮಾಡಿಸುವುದಾದರೆ ಎರಡು ಮೂರು ದಿನ ಮುಂಚೆಯೇ ಮುಗಿಸಿ, ಕೆಂಪು ಇಳಿಯಲು ಸಮಯ ಬೇಕು. ಬೇಡ ಅನ್ನಿಸಿದರೆ ಬಿಡಿ, ಅದೇನೂ ನಿಯಮ ಅಲ್ಲ.

ಎಲಾಸ್ಟಿಕ್ ಗುರುತು! ಬಿಗಿಯಾದ ಜೀನ್ಸ್, ಸಾಕ್ಸ್, ಬ್ರಾ ಹಾಕಿಕೊಂಡು ಬಂದರೆ ಸೊಂಟದ ಸುತ್ತ, ಬೆನ್ನ ಮೇಲೆ ಕೆಂಪು ಗೆರೆ ಬಿದ್ದಿರುತ್ತದೆ. ಅದು ಮಾಯವಾಗಲು ಸುಮಾರು ಹೊತ್ತು ಬೇಕು. ಬೆಳಿಗ್ಗೆ ಎದ್ದಾಗಿನಿಂದಲೇ ಸಡಿಲ ಬಟ್ಟೆಯಲ್ಲಿರಿ. ಕೈಗಡಿಯಾರ, ಮಣಿಕಟ್ಟಿಗೆ ಹಾಕಿಕೊಂಡ ಕೂದಲಿನ ರಬ್ಬರ್ ಬ್ಯಾಂಡ್ ತೆಗೆದಿಡಿ.

ಮುಖಕ್ಕೆ ಹಚ್ಚುವ ಪೌಡರ್, ಸನ್‌ಸ್ಕ್ರೀನ್‌ಗಳಲ್ಲಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇದ್ದರೆ ಫ್ಲ್ಯಾಶ್ ಬಿದ್ದಾಗ ಮುಖ ಬೂದಿ ಬಳಿದಂತೆ ಬೆಳ್ಳಗೆ ಬರಬಹುದು, ಕತ್ತು ಒಂದು ಬಣ್ಣ ಮುಖ ಒಂದು ಬಣ್ಣ. ಫ್ಲ್ಯಾಶ್ ಬಳಸುತ್ತಾರಾ ಅಂತ ಕೇಳಿಕೊಂಡು ಮೇಕಪ್ ಮಾಡಿ. ಈ ಶೂಟ್‌ನಲ್ಲಿ ಕತ್ತು, ಭುಜ, ಎದೆಯ ಮೇಲ್ಭಾಗ ಎಲ್ಲ ಮುಖದ ಜೊತೆಗೇ ಕಾಣುತ್ತದೆ, ಅಲ್ಲಿಯೂ ಒಂದೇ ಬಣ್ಣ ಇರಬೇಕು. ಮೊಣಕೈ, ಮಂಡಿ, ಹಿಮ್ಮಡಿಗೆ ವಾರಕ್ಕೆ ಮುಂಚಿನಿಂದಲೇ ಮಾಯಿಶ್ಚರೈಸರ್ ಹಚ್ಚಿ.

ಹೊಟ್ಟೆ ಚಪ್ಪಟೆ ಕಾಣಲಿ ಅಂತ ಉಪವಾಸ ಬರುವವರಿದ್ದಾರೆ. ದಯವಿಟ್ಟು ಬೇಡ. ಕೈ ನಡುಗುತ್ತದೆ, ಕಣ್ಣು ಸೋಲುತ್ತದೆ. ಹಗುರವಾಗಿ ತಿಂದು ಬನ್ನಿ. ಧೈರ್ಯಕ್ಕೆ ಅಂತ ಕುಡಿಯುವುದೂ ಬೇಡ, ಮುಖ ಕೆಂಪೇರುತ್ತದೆ, ರೆಪ್ಪೆ ಭಾರವಾಗುತ್ತದೆ. ಮುಟ್ಟಿನ ದಿನ ಹತ್ತಿರ ಇದ್ದು ಹೊಟ್ಟೆ ಉಬ್ಬರ ಇರುವವರು ತಾರೀಖು ಬದಲಿಸಿಕೊಳ್ಳಲು ಸಂಕೋಚ ಪಡಬೇಡಿ.

ಕೋಣೆ ಬೆಚ್ಚಗಿರಲಿ ಅಂತ ಹೇಳಿ. ಚಳಿಯಾದರೆ ಮೈ ರೋಮ ಎದ್ದು ನಿಲ್ಲುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೀರಿ. ಶಾಟ್‌ಗಳ ನಡುವೆ ಹೊದ್ದುಕೊಳ್ಳಲು ನಿಮ್ಮದೇ ರೋಬ್ ತನ್ನಿ. ಇದು ಚಳಿಗೆ ಮಾತ್ರ ಅಲ್ಲ. ಪ್ರತಿ ಸಲ ಹೊದ್ದುಕೊಂಡು, ಮತ್ತೆ ನೀವೇ ತೆಗೆಯುವಾಗ, ತೆಗೆಯುವ ತೀರ್ಮಾನ ನಿಮ್ಮದಾಗಿರುತ್ತದೆ.

ಅರಳುಮಲ್ಲಿಗೆ:

ರೋಬ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ.

ಬಟ್ಟೆ ಬಗ್ಗೆ ನಾನು ಸೇರಿಸುತ್ತೇನೆ. ಹೊಸದು ಕೊಂಡರೆ ಮನೆಯಲ್ಲಿ ಹಾಕಿಕೊಂಡು ಕೂತು, ಮಲಗಿ, ಕೈ ಮೇಲೆತ್ತಿ ನೋಡಿ. ನಿಂತಾಗ ಸರಿಯಿದ್ದದ್ದು ಕೂತಾಗ ಚರ್ಮಕ್ಕೆ ಕಚ್ಚಿಕೊಳ್ಳಬಹುದು. ಲೇಬಲ್ಲಿನ ಸೈಜ್ ಯಾರಿಗೂ ಕಾಣುವುದಿಲ್ಲ. ಬಿಗಿಯಾದ ಸಣ್ಣ ಸೈಜ್‌ಗಿಂತ ಆರಾಮಾಗಿ ಕೂರುವ ದೊಡ್ಡ ಸೈಜ್ ಎಷ್ಟೋ ಚೆಂದ. ಒಳಗಿನ ಟ್ಯಾಗ್ ಕತ್ತರಿಸಿ. ಮತ್ತೆ, ಒಂದಾದರೂ ಜೊತೆ ನೀವು ಈಗಾಗಲೇ ಹಾಕಿ ರೂಢಿಯಾದ ಬಟ್ಟೆ ಇರಲಿ. ನನ್ನ ಶೂಟ್‌ನಲ್ಲಿ ಲೇಸ್ ಉಡುಪಿಗಿಂತ ಹಳೇ ಸ್ವೆಟರ್ ಭುಜದಿಂದ ಜಾರಿದ ಫೋಟೋದಲ್ಲೇ ನಾನು ನಾನಾಗಿದ್ದೇನೆ.

ಬೆಳ್ಳಿಚುಕ್ಕಿ:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಬೇಕು ಅನ್ನಿಸಿತು. ಸ್ತನ ಕ್ಯಾನ್ಸರ್ ಆಗಿ ನನಗೆ ಒಂದು ಕಡೆ ಆಪರೇಷನ್ ಆಗಿದೆ. ಅದಾದ ಮೇಲೆ ಬೌಡ್ವಾರ್ ಫೋಟೋ ತೆಗೆಸಿಕೊಂಡೆ.

ನನಗೆ ಪೋಸ್‌ಗಿಂತ ದೊಡ್ಡ ಚಿಂತೆ ಎಡಿಟಿಂಗ್ ಆಗಿತ್ತು. ಗಾಯದ ಗುರುತನ್ನು ಅಳಿಸಿ ಕೊಟ್ಟರೆ ಅದು ನಾನಲ್ಲ. ಹಾಗೇ ಬಿಟ್ಟರೆ ನೋಡುವ ಶಕ್ತಿ ಇದೆಯಾ, ಗೊತ್ತಿರಲಿಲ್ಲ. ಫೋಟೋಗ್ರಾಫರ್ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಮುಂದಿನ ತಿಂಗಳು ನಿಮ್ಮ ಮೈ ಮೇಲೆ ಇರದಿರುವುದು ಯಾವುದು?" ಮೊಡವೆ, ಸೊಳ್ಳೆ ಕಚ್ಚಿದ್ದು, ಎಲಾಸ್ಟಿಕ್ ಗೆರೆ. ಅವನ್ನು ತೆಗೆಯುತ್ತೇನೆ, ಉಳಿದದ್ದನ್ನು ನೀವು ಹೇಳದೆ ಮುಟ್ಟುವುದಿಲ್ಲ ಅಂದರು. ಮಳೆಹನಿ, ಹೆರಿಗೆಯ ಗೆರೆಗಳು, ಸಿಸೇರಿಯನ್ ಗುರುತು ಇದ್ದರೆ ಇದನ್ನು ಮೊದಲೇ ಮಾತಾಡಿ. ಮೈಯ ಆಕಾರ ಬದಲಿಸಬೇಡಿ ಅಂತಲೂ ಬರೆದು ಕೊಡಿ, ಬೇಡದಿದ್ದರೆ.

ಬೆಳಕಿನ ಬಗ್ಗೆಯೂ ಕೇಳಿ ತಿಳಿದುಕೊಂಡೆ. ಬೆಳಕು ಪಕ್ಕದಿಂದ ಬಂದರೆ ಉಬ್ಬುತಗ್ಗು ಎದ್ದು ಕಾಣುತ್ತದೆ, ಎದುರಿನಿಂದ ದೊಡ್ಡದಾಗಿ ಮೃದುವಾಗಿ ಬಂದರೆ ಮೆತ್ತಗಾಗುತ್ತದೆ. ನಾನು ಎರಡನ್ನೂ ತೆಗೆಸಿಕೊಂಡೆ. ಮೊದಲು ಮೆತ್ತನೆಯ ಬೆಳಕು, ಗುರುತು ಅರ್ಧ ಮುಚ್ಚಿ. ಕೊನೆಗೆ ನಾನೇ ಕೇಳಿ, ಕಿಟಕಿಗೆ ಪಕ್ಕವಾಗಿ ನಿಂತು, ಕೈ ಮೇಲೆತ್ತಿ. ಈಗ ಫ್ರೇಮ್ ಹಾಕಿಸಿರುವುದು ಆ ಕೊನೆಯದನ್ನೇ.

ಮಳೆಹನಿ:

ಬೆಳ್ಳಿಚುಕ್ಕಿ ಅಕ್ಕ, ಓದಿ ಕಣ್ಣು ತುಂಬಿ ಬಂತು. "ಮುಂದಿನ ತಿಂಗಳು ಇರದಿರುವುದು" ಅನ್ನುವ ಪ್ರಶ್ನೆಯನ್ನು ನನ್ನ ಫೋಟೋಗ್ರಾಫರ್‌ಗೆ ಹಾಗೇ ಕಳಿಸಿದ್ದೇನೆ. ಗಡಿಗಳನ್ನೂ ಬರೆದು ಕಳಿಸಿದೆ. ಮುಖ ಬರಲಿ, ಬೆತ್ತಲೆ ಬೇಡ, ಸಹಾಯಕರು ಬೇಡ. "ಖಂಡಿತ" ಅಂತ ಉತ್ತರ ಬಂತು. ಅದನ್ನು ಓದುವಾಗಲೇ ಒಂದು ನಿಟ್ಟುಸಿರು ಹೊರಗೆ ಬಂತು.

ವಿಡಿಯೋ ಅಭ್ಯಾಸವನ್ನೂ ಶುರುಮಾಡಿದೆ. ಭಾರವನ್ನು ಹಿಂದಿನ ಕಾಲಿಗೆ ಬಿಡುವುದು ನಿಜಕ್ಕೂ ಕೆಲಸ ಮಾಡುತ್ತದೆ. ಬೆನ್ನು ತಿರುಗಿಸಿ, ಭುಜದ ಮೇಲಿಂದ ಹಿಂದಕ್ಕೆ ನೋಡಿದ್ದು ನನಗೇ ಇಷ್ಟವಾಯಿತು. ಮುಖ ಮಾತ್ರ ಈಗಲೂ ಸರಿಯಾಗುತ್ತಿಲ್ಲ. ಕಣ್ಣು ಹೆದರಿದಂತೆ ದೊಡ್ಡದಾಗುತ್ತದೆ, ದವಡೆ ಬಿಗಿಯುತ್ತದೆ. ಅದಕ್ಕೆ ಏನಾದರೂ ಇದೆಯಾ?

ಕಿಟಕಿಬೆಳಕು:

ಇದೆ. ಉಸಿರಿನಿಂದ ಶುರುಮಾಡಿ. ಕ್ಲಿಕ್ ಅನ್ನುವಾಗ ಎಲ್ಲರೂ ಉಸಿರು ಒಳಗೆಳೆದು ಹಿಡಿಯುತ್ತಾರೆ, ಭುಜ ಏರುವುದು ಅಲ್ಲೇ. ತಿರುಗಿಸಿ ಮಾಡಿ. ಮೂಗಿನಿಂದ ಎಳೆದುಕೊಳ್ಳಿ, ತುಟಿ ತುಸು ತೆರೆದು ನಿಧಾನಕ್ಕೆ ಬಿಡಿ. ಅರ್ಧ ಬಿಟ್ಟಾಗ ನಾನು ಕ್ಲಿಕ್ ಮಾಡುತ್ತೇನೆ. ತುಟಿ ತೆರೆದು ಹಲ್ಲುಗಳ ನಡುವೆ ತುಸು ಜಾಗ ಬಿಟ್ಟರೆ ದವಡೆ ಸಡಿಲವಾಗುತ್ತದೆ, ಬೇಕಾದರೆ ಈಗಲೇ ಪ್ರಯತ್ನಿಸಿ.

ಕಣ್ಣಿಗೆ: ಮುಚ್ಚಿಕೊಂಡು, ಉಸಿರು ಬಿಡುತ್ತಾ ತೆರೆಯಿರಿ. ತೆರೆದ ಮೊದಲ ಕ್ಷಣದಲ್ಲಿ ನೋಟ ಮೃದುವಾಗಿರುತ್ತದೆ. ಹೆದರಿದಾಗ ಕಣ್ಣು ಅಗಲವಾಗುತ್ತದೆ, ಹಾಗಾಗಿ ಕೆಳಗಿನ ರೆಪ್ಪೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ತಂದರೆ ನೋಟಕ್ಕೆ ನಂಬಿಕೆ ಬರುತ್ತದೆ. ಪೀಟರ್ ಹರ್ಲಿ ಅನ್ನುವ ಪೋರ್ಟ್ರೇಟ್ ಫೋಟೋಗ್ರಾಫರ್ ಇದನ್ನು ಸ್ಕ್ವಿಂಚ್ ಅಂತ ಕರೆದು 2013ರಲ್ಲಿ ಒಂದು ವಿಡಿಯೋದಿಂದ ಜನಪ್ರಿಯ ಮಾಡಿದರು. ಕಣ್ಣು ಕಿರಿದು ಮಾಡುವುದು ಅಲ್ಲ. ಮೇಲಿನ ರೆಪ್ಪೆ ಹೆಚ್ಚು ಅಲ್ಲಾಡಬಾರದು, ಕೆಳಗಿನದು ಮಾತ್ರ.

ಗದ್ದವನ್ನು ಮುಂದಕ್ಕೆ ಚಾಚಿ, ಆಮೇಲೆ ತುಸು ಕೆಳಕ್ಕೆ. ಮಾಡುವಾಗ ವಿಚಿತ್ರ ಅನ್ನಿಸುತ್ತದೆ, ಎದುರಿನಿಂದ ನೋಡಿದರೆ ದವಡೆಯ ಗೆರೆ ಸ್ಪಷ್ಟವಾಗುತ್ತದೆ. ಲೆನ್ಸ್ ನೋಡಲು ಕಷ್ಟವಾದರೆ ನೋಡಬೇಡಿ. ನಿಮ್ಮದೇ ಭುಜ ನೋಡಿ, ಕಿಟಕಿ ನೋಡಿ, ಕಣ್ಣು ಮುಚ್ಚಿಕೊಳ್ಳಿ. ಈ ಬಗೆಯ ಫೋಟೋದಲ್ಲಿ ಎಲ್ಲದರಲ್ಲೂ ಕ್ಯಾಮೆರಾ ನೋಡಬೇಕಾಗಿಲ್ಲ.

ಶೂಟ್ ಹೇಗೆ ಸಾಗುತ್ತದೆ ಅಂತಲೂ ಗೊತ್ತಿರಲಿ. ನಾನು ಮೊದಲು ಪೂರ್ತಿ ಬಟ್ಟೆಯಲ್ಲಿ, ರೋಬ್‌ನಲ್ಲಿ, ಬೆನ್ನು ತಿರುಗಿಸಿ, ಕೈ ಕಾಲು ಮಾತ್ರ ಹೀಗೆ ಶುರುಮಾಡುತ್ತೇನೆ. ಶುರುವಿನ ಹದಿನೈದು ಇಪ್ಪತ್ತು ನಿಮಿಷದ ಫೋಟೋ ಚೆನ್ನಾಗಿ ಬರಲೇಬೇಕು ಅಂತ ಯಾರೂ ಕಾಯುವುದಿಲ್ಲ. ಅದು ಮೈ ಸಡಿಲವಾಗುವ ಹೊತ್ತು. ನಿಮ್ಮಿಷ್ಟದ ಹಾಡುಗಳ ಪಟ್ಟಿ ಮಾಡಿಕೊಂಡು ಬನ್ನಿ. ಮೌನದಲ್ಲಿ ಶಟರ್ ಸದ್ದು ಜೋರಾಗಿ ಕೇಳುತ್ತದೆ.

ಸುಮ್ನೆಓದುಗ:

ಗಂಡಸರೂ ಇದನ್ನು ಮಾಡಿಸಿಕೊಳ್ಳುತ್ತಾರಾ? ಕೇಳಲು ಸಂಕೋಚ, ಆದರೂ ಕೇಳುತ್ತಿದ್ದೇನೆ.

ಹೆಜ್ಜೆಗೆಜ್ಜೆ:

ಸಂಕೋಚ ಯಾಕೆ? ಮಾಡಿಸಿಕೊಳ್ಳುತ್ತಾರೆ. ಭಾರ, ಉಸಿರು, ಬೆನ್ನು, ಒಪ್ಪಿಗೆ ಪತ್ರ ಎಲ್ಲ ಅದೇ. ಗಂಡಸರು ಎದೆ ಉಬ್ಬಿಸಿ ಮುಷ್ಟಿ ಬಿಗಿಯುವುದನ್ನು ಬಿಟ್ಟರೆ ಅರ್ಧ ಕೆಲಸ ಆಯಿತು. ಅಂಗೈ ತೆರೆದಿರಲಿ.

ನೇರಮಾತು:

ಯಾರೂ ಇನ್ನೂ ಕೇಳಿಲ್ಲ, ನಾನು ಕೇಳುತ್ತೇನೆ. ಫೋಟೋಗ್ರಾಫರ್ ನಂಬಿಕಸ್ಥರೇ ಇರಲಿ. ನಮ್ಮ ಕೈಗೆ ಬಂದ ಮೇಲೆ ಏನು ಮಾಡಬೇಕು? ಸೋರಿಕೆಯಾಗುವುದು ಎಷ್ಟೋ ಸಲ ನಮ್ಮ ಫೋನಿನಿಂದಲೇ ಅಲ್ವಾ?

ಕಿಟಕಿಬೆಳಕು:

ಮುಖ್ಯವಾದ ಪ್ರಶ್ನೆ. ಪಾಸ್‌ವರ್ಡ್ ಇರುವ, ಕೆಲವು ದಿನಕ್ಕೆ ಮುಚ್ಚಿಹೋಗುವ ಲಿಂಕ್‌ನಲ್ಲಿ ಕೊಡಿ ಅಂತ ಕೇಳಿ. ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಅದಕ್ಕೂ ಪಾಸ್‌ವರ್ಡ್ ಇರಲಿ. ಫೋನಿಗೆ ಇಳಿಸುವ ಮುಂಚೆ ಆಟೋ ಬ್ಯಾಕಪ್ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಒಂದೇ ಅಕೌಂಟ್‌ನಲ್ಲಿ ಎಲ್ಲರ ಫೋಟೋ ಸೇರುತ್ತದೆ, ಟಿವಿ ಪರದೆಯಲ್ಲಿ ತಾನಾಗಿ ಬದಲಾಗುತ್ತಾ ಹೋಗುವ ಫೋಟೋಗಳೂ ಅಲ್ಲಿಂದಲೇ ಬರುತ್ತವೆ. ಮಕ್ಕಳ ಟ್ಯಾಬ್ ಅದೇ ಅಕೌಂಟ್‌ನಲ್ಲಿ ಇರಬಹುದು. ಬೇರೆ ಅಕೌಂಟ್, ಇಲ್ಲವೇ ಲಾಕ್ ಮಾಡಿದ ಫೋಲ್ಡರ್. ಯಾರಿಗಾದರೂ ತೋರಿಸುವುದಾದರೆ ನಿಮ್ಮ ಕೈಯಲ್ಲೇ ಇಟ್ಟುಕೊಂಡು ತೋರಿಸಿ, ಕಳಿಸಬೇಡಿ. ಫೋನಲ್ಲಿ ತೆಗೆದ ಅಭ್ಯಾಸದ ವಿಡಿಯೋಗಳನ್ನು ಮರೆಯಬೇಡಿ, ಅಳಿಸಿದ ಮೇಲೂ ಟ್ರ್ಯಾಶ್ ಫೋಲ್ಡರ್‌ನಲ್ಲಿ ಕೆಲವು ವಾರ ಉಳಿದಿರುತ್ತವೆ.

ಇದೇ ಚಿಂತೆ ಜಾಸ್ತಿ ಕಾಡುವವರು ಮುಖ ಬರದಂತೆ ತೆಗೆಸಿಕೊಳ್ಳಬಹುದು. ಹಾಗಿದ್ದರೆ ಹಚ್ಚೆ, ಮಚ್ಚೆ, ದಿನಾ ಹಾಕುವ ಉಂಗುರ ಇವುಗಳಿಂದಲೂ ಗುರುತು ಹಿಡಿಯಬಹುದು ಅನ್ನುವುದು ನೆನಪಿರಲಿ. ಮುಖವಿಲ್ಲದ ಬೌಡ್ವಾರ್ ಫೋಟೋ ಕಡಿಮೆ ದರ್ಜೆಯದು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಬೆನ್ನು, ಕತ್ತು, ಒಂದು ಕೈ, ಇಷ್ಟರಲ್ಲೇ ಎಷ್ಟೋ ಹೇಳಬಹುದು.

ಮಳೆಹನಿ:

ಟಿವಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಈಗಲೇ ಹೋಗಿ ನೋಡುತ್ತೇನೆ.

ಕೊನೆಯ ಪ್ರಶ್ನೆ. ಫೋಟೋಗಳು ಬಂದ ಮೇಲೆ ಆರಿಸುವುದು ಹೇಗೆ? ಮೊದಲ ನೋಟಕ್ಕೇ ಬೇಸರವಾದರೆ ಅನ್ನುವ ಭಯ ಇದೆ.

ಬೆಳ್ಳಿಚುಕ್ಕಿ:

ಶೂಟ್ ಮುಗಿದ ತಕ್ಷಣ ಅಲ್ಲೇ ಆರಿಸಿ ಅಂದರೆ ಸಮಯ ಕೇಳಿ. ದಣಿದಿರುತ್ತೀರಿ. ಮೊದಲ ಸಲ ನೋಡುವಾಗ ಎಲ್ಲರ ಕಣ್ಣೂ ತಮಗೆ ಇಷ್ಟವಿಲ್ಲದ ಭಾಗಕ್ಕೇ ಹೋಗುತ್ತದೆ, ನನ್ನದೂ ಹೋಯಿತು. ಆ ಸಲ ಏನನ್ನೂ ತೆಗೆದುಹಾಕಬೇಡಿ. ಒಂದೆರಡು ದಿನ ಬಿಟ್ಟು, ಒಬ್ಬರೇ ಕೂತು, ಫೋಟೋವನ್ನು ಜೂಮ್ ಮಾಡದೆ ನೋಡಿ. ಜೂಮ್ ಮಾಡಿದರೆ ಚರ್ಮ ಕಾಣುತ್ತದೆ, ಮಾಡದಿದ್ದರೆ ಮನುಷ್ಯಳು ಕಾಣುತ್ತಾಳೆ. ಯಾರ ಹತ್ತಿರವಾದರೂ ಅಭಿಪ್ರಾಯ ಕೇಳುವುದಾದರೆ, ಅದಕ್ಕೂ ಮುಂಚೆ ನಿಮ್ಮದನ್ನು ನೀವು ಆರಿಸಿ ಇಟ್ಟಿರಿ.

ಅರಳುಮಲ್ಲಿಗೆ:

ಹೌದು. ಅನುಮಾನ ಇರುವುದನ್ನೂ ಒಂದು ಫೋಲ್ಡರ್‌ಗೆ ಹಾಕಿಡಿ, ಬಿಸಾಡಬೇಡಿ. ನಾನು ಅಂಥ ಫೋಲ್ಡರ್‌ನಿಂದ ಆಮೇಲೆ ಎರಡನ್ನು ಎಡಿಟ್ ಮಾಡಿಸಿಕೊಂಡೆ. ಎಡಿಟ್ ಆಗದ ಫೈಲ್‌ಗಳನ್ನು ಎಷ್ಟು ದಿನ ಇಟ್ಟಿರುತ್ತಾರೆ ಅಂತ ಒಪ್ಪಂದದಲ್ಲಿ ಇರುತ್ತದಲ್ಲ, ಆ ತಾರೀಖನ್ನು ಫೋನಲ್ಲಿ ರಿಮೈಂಡರ್ ಹಾಕಿಕೊಳ್ಳಿ. ಆ ದಿನಕ್ಕೆ ಮುಂಚೆ ಬೇಕಾದ್ದನ್ನು ಕೇಳಿ ತೆಗೆದುಕೊಳ್ಳಿ, ಉಳಿದದ್ದನ್ನು ಅಳಿಸಿದ್ದಾರಾ ಅಂತ ಕೇಳಿ ಉತ್ತರವನ್ನು ಮೇಲ್‌ನಲ್ಲಿ ಪಡೆಯಿರಿ.